ಕಾಗೆಕಾಲಿನ ಚಾಕು

ಸಾಣೆಯಣ್ಣನ ಅಂಗಡಿಗೆ ಹೋಗಿ ಒಂದು ಒಳ್ಳೆ ಚಾಕು ಕೊಡಿ ಅಂದವರ ಕಥೆ ಮುಗಿಯಿತೆಂದೇ ತಿಳಿಯಿರಿ. ಚಾಕು ಹೊರಗೆ ಬರುವ ಮೊದಲು ಪ್ರಶ್ನೆಗಳು ಬರುತ್ತವೆ. ಏನು ಹೆಚ್ಚುತ್ತೀರಿ, ಸೊಪ್ಪೋ, ಕುಂಬಳಕಾಯಿಯೋ, ಮೂಳೆಯಿರುವ ಮಾಂಸವೋ? ಮರದ ಹಲಗೆಯ ಮೇಲೋ, ಇಲ್ಲ ಅಡುಗೆಕಟ್ಟೆಯ ಕಲ್ಲಿನ ಮೇಲೆಯೇ ಟಕಟಕ ಅನ್ನಿಸುತ್ತೀರೋ? ಕೆಲಸ ಮುಗಿದ ಮೇಲೆ ತೊಳೆದು ಒರೆಸಿ ಇಡುತ್ತೀರೋ, ಸಿಂಕಿನಲ್ಲಿ ಎಂಜಲು ತಟ್ಟೆಗಳ ಕೆಳಗೆ ಮುಳುಗಿಸಿ ಟೀವಿ ಮುಂದೆ ಕೂರುತ್ತೀರೋ? ಮಗಳನ್ನು ಕೊಡುವ ಮಾವನೂ ಅಳಿಯನನ್ನು ಇಷ್ಟು ಜಾಲಾಡುವುದಿಲ್ಲ. ಅರ್ಧ ಜನ ಬೇಸತ್ತು ಎದುರಿನ ಪಾತ್ರೆ ಅಂಗಡಿಗೆ ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ತೂಗಿಬಿಟ್ಟದ್ದನ್ನು ಕಿತ್ತುಕೊಂಡು ಮನೆಗೆ ಹೋಗುತ್ತಿದ್ದರು.

ನಿಂತವರಿಗೆ ಮಾತ್ರ ಡ್ರಾಯರ್ ತೆರೆಯುತ್ತಿತ್ತು. ಸಿಂಕಿನಲ್ಲಿ ಮುಳುಗಿಸುವವರಿಗೆ ತುಕ್ಕು ಹಿಡಿಯದ ಸ್ಟೀಲಿನದು, ಪ್ಲಾಸ್ಟಿಕ್ ಹಿಡಿಯದು. ಅದರ ಹರಿತದ ಬಾಯಿ ಬೇಗ ಮಡಿಚಿಕೊಳ್ಳುತ್ತದೆ, ಆದರೆ ಬೈಗುಳ ತಿಂದೂ ಬದುಕುತ್ತದೆ. ಮೀನು ಕೊಯ್ಯುವವರಿಗೆ ಗೀರುಗೀರಾದ ಹಿಡಿ, ಒದ್ದೆ ಕೈಯಲ್ಲಿ ಜಾರಬಾರದಲ್ಲ. ಕೊಂಬಿನ ಹಿಡಿ ನೋಡಲು ಚಂದ, ಒಲೆಯ ಪಕ್ಕ ಇಟ್ಟರೆ ಬಿರುಕು ಬಿಡುತ್ತದೆ. ಒರೆಸಿಡುವ ಜಾತಿಯವರು ಅಂತ ನಂಬಿಕೆ ಬಂದರೆ ಮಾತ್ರ ಕೆಳಗಿನ ಡ್ರಾಯರಿನಿಂದ ಕಾರ್ಬನ್ ಉಕ್ಕಿನದು ಬರುತ್ತಿತ್ತು, ಮಂಕು ಬಣ್ಣದ್ದು, ಮರದ ಹಿಡಿಯದು. ಒದ್ದೆ ಬಿಟ್ಟರೆ ಒಂದೇ ದಿನಕ್ಕೆ ಮುನಿಸಿಕೊಂಡು ಕಂದುತ್ತದೆ. ಒಮ್ಮೆ ಹರಿತ ಕೊಟ್ಟರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಸಾಣೆಯಣ್ಣ ಅದರ ಅಲಗನ್ನು ಉಗುರಿನಿಂದ ಮೀಟಿ ಕಿವಿಯ ಹತ್ತಿರ ಹಿಡಿಯುತ್ತಿದ್ದ. ಉಕ್ಕಿಗೆ ಕಾಯಿಸಿ ಅದ್ದಿ ಕೊಟ್ಟ ಹದ ಚೆನ್ನಾಗಿದ್ದರೆ ಸದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಮೇಲೆ ಅಲಗು ಹಿಡಿ ಸೇರುವ ಜಾಗವನ್ನು ಒಂದೇ ಬೆರಳ ಮೇಲೆ ಇಟ್ಟು ತೂಗಿಸಿ ತೋರಿಸುತ್ತಿದ್ದ. ಅತ್ತಲೂ ವಾಲಬಾರದು, ಇತ್ತಲೂ ವಾಲಬಾರದು. ಆ ಹೊತ್ತಿನಲ್ಲಿ ಅವನ ಮುಖ ನೋಡಬೇಕು, ಮೊಮ್ಮಗುವನ್ನು ಎತ್ತಿಕೊಂಡವನ ಹಾಗೆ.

ಇಷ್ಟು ಕೇಳಿದವರು, ಈ ಮನುಷ್ಯ ತನ್ನ ಅಂಗಡಿಯನ್ನು ಎಷ್ಟು ಪ್ರೀತಿಸುತ್ತಾನೆ ಅಂದುಕೊಳ್ಳುತ್ತಾರೆ. ಅವನು ಚಾಕುಗಳನ್ನು ಪ್ರೀತಿಸುತ್ತಿದ್ದ, ಅಂಗಡಿಯನ್ನಲ್ಲ. ಅಂಗಡಿಯ ಹೆಸರೆತ್ತಿದರೆ ಅವನಿಗೆ ಉಸಿರು ಕಟ್ಟುತ್ತಿತ್ತು.

ಅಂಗಡಿ ಅಂತ ಹೇಳಬೇಕು ಅಷ್ಟೆ. ಎರಡು ಕಟ್ಟಡಗಳ ನಡುವೆ ಮಿಕ್ಕಿದ ಸಂದಿಗೆ ಬಾಗಿಲು ಹಚ್ಚಿದ ಜಾಗ ಅದು. ಸ್ಟೂಲಿನ ಮೇಲೆ ಕೂತು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಮುಂದೆ ಗಾಜಿನ ಕಪಾಟು, ನಡುವೆ ಸಾಣೆಕಲ್ಲು, ಹಿಂದೆ ಒಂದು ಅಡುಗೆಮನೆ, ಅದಕ್ಕೂ ಹಿಂದೆ ಗಂಡಹೆಂಡಿರು ಮಲಗುವ ಕೋಣೆ. ಎರಡಕ್ಕೂ ಕಿಟಕಿಯಿಲ್ಲ. ಇಡೀ ಮನೆಗೆ ಇದ್ದ ಒಂದೇ ಕಿಟಕಿ ಮೇಲಿನ ಅಟ್ಟದಲ್ಲಿತ್ತು, ಅದರ ಕೆಳಗೆ ಅವನ ಅಪ್ಪನ ಮಂಚವಿತ್ತು. ಸಾಣೆಯಣ್ಣ ಹುಟ್ಟಿದ್ದು ಆ ಅಟ್ಟದಲ್ಲಿ. ಐವತ್ತು ದಾಟಿದ ಮೇಲೂ ಅವನು ಬದುಕಿನಲ್ಲಿ ಹೋದ ದೂರವೆಂದರೆ ಅಟ್ಟದ ಏಣಿ ಇಳಿದದ್ದು ಎಂದು ಅವನ ಹೆಂಡತಿ ಆಗಾಗ ಚುಚ್ಚುತ್ತಿದ್ದಳು. ಅವಳಿಗೆ ಕೆಮ್ಮು. ಕಲ್ಲಿನ ಪುಡಿ, ಉಕ್ಕಿನ ಪುಡಿ ಅಡುಗೆಮನೆಯ ಡಬ್ಬಿಗಳ ಮುಚ್ಚಳದ ಮೇಲೂ ಕೂರುತ್ತಿತ್ತು. ಅವಳು ಒರೆಸುತ್ತಿದ್ದಳು, ಕೆಮ್ಮುತ್ತಿದ್ದಳು, ಮತ್ತೆ ಒರೆಸುತ್ತಿದ್ದಳು. ಒಬ್ಬಳೇ ಮಗಳು ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಅಂಗಡಿ ನೋಡಿಕೋ ಅಂದರೆ, ಆಪರೇಷನ್ ಕೋಣೆಯಲ್ಲಿ ನೋಡುವ ಚಾಕುಗಳೇ ಸಾಕು ಅಂತ ನಕ್ಕು ಫೋನಿಡುತ್ತಿದ್ದಳು.

ಬಾಗಿಲು ಹಾಕಿ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗುವಂತಿರಲಿಲ್ಲ. ಅದಕ್ಕೆ ಕಾರಣ ಕಾಗೆಕಾಲು.

ಬೀದಿಯವರು ದೊಡ್ಡ ಸಾಣೆ ಎಂದು ಕರೆಯುತ್ತಿದ್ದ ಅವನ ಅಪ್ಪ, ತಾನು ಮಾರಿದ ಒಂದೊಂದು ಚಾಕುವಿನ ಮೇಲೂ ಹಿಡಿಯ ಪಕ್ಕದಲ್ಲಿ ಮೂರು ಗೀರಿನ ಗುರುತು ಒತ್ತುತ್ತಿದ್ದ. ಅಲಗಿನ ಉಳಿದ ಭಾಗ ಗಟ್ಟಿ, ಅಷ್ಟು ಜಾಗ ಮಾತ್ರ ಹದ ಹಾಕದೆ ಮೆತ್ತಗೆ ಬಿಟ್ಟದ್ದು. ಅಚ್ಚುಮೊಳೆ ಇಟ್ಟು ಸುತ್ತಿಗೆಯಲ್ಲಿ ಒಂದೇ ಏಟು. ನೋಡಲು ಕಾಗೆ ಹೆಜ್ಜೆಯ ಹಾಗಿತ್ತು. ಗುರುತು ಒತ್ತಿ ಕೊಡುವಾಗ ಅವನು ಒಂದು ಮಾತು ಹೇಳುತ್ತಿದ್ದ: ಈ ಕಾಗೆಕಾಲು ಕಾಣೋವರೆಗೂ ಇದರ ಸಾಣೆ ನಮ್ಮದು, ಪುಕ್ಕಟೆ. ನಮ್ಮ ಕೈಯಲ್ಲಿ ಕೆಟ್ಟರೆ ಹೊಸದು ಕೊಡುತ್ತೇವೆ, ಅದಕ್ಕೂ ಕಾಗೆಕಾಲು ಒತ್ತಿ. ಮಾತಿಗೆ ತಪ್ಪುವ ಮನುಷ್ಯ ಅಲ್ಲ. ಅವನು ಆರಿಸುತ್ತಿದ್ದ ಉಕ್ಕೂ ಅಂಥದ್ದೇ, ಸಾಯುವ ಜಾತಿಯದ್ದಲ್ಲ. ಅಜ್ಜಿ ಕೊಂಡದ್ದು ಸೊಸೆಗೆ, ಸೊಸೆಯದು ಮೊಮ್ಮಗಳಿಗೆ. ಬೀದಿಯಲ್ಲಿ ಹೋಗುವವರು ಕಿಟಕಿಯತ್ತ ತಲೆಯೆತ್ತಿ, ದೊಡ್ಡವರೇ, ನಿಮ್ಮ ಚಾಕು ಇನ್ನೂ ಹಾಗೇ ಇದೆ ಅಂತ ಕೂಗಿ ಹೋಗುತ್ತಿದ್ದರು. ಮೊಣಕಾಲು ಬಿದ್ದು ಮಂಚ ಹಿಡಿದಿದ್ದ ಮುದುಕನಿಗೆ ಊಟಕ್ಕಿಂತ ಅದೇ ಜೀವ.

ಮೊಣಕಾಲು ಬಿದ್ದ ವರ್ಷ ಅಪ್ಪ ಅಚ್ಚುಮೊಳೆಯನ್ನು ಮಗನ ಕೈಗಿಟ್ಟು ಕೇಳಿದ್ದ: "ಕಾಗೆಕಾಲಿನ ಚಾಕು ಬರ್ತಿರೋವರೆಗೂ ಈ ಬಾಗಿಲು ಮುಚ್ಚಲ್ಲ ತಾನೇ?" ಅವತ್ತು ಸಾಣೆಯಣ್ಣನಿಗೆ ಹಲ್ಲುನೋವು. ಕೆನ್ನೆ ಬನ್ನಿನ ಹಾಗೆ ಊದಿತ್ತು, ಬಾಯಿ ತೆರೆದರೆ ಪ್ರಾಣ ಹೋಗುತ್ತಿತ್ತು. ಇಲ್ಲದಿದ್ದರೆ ಅದಕ್ಕೊಂದು ನೆವ, ಇದಕ್ಕೊಂದು ಷರತ್ತು ಅಂತ ನಾಲ್ಕು ಮಾತು ಆಡುತ್ತಿದ್ದ. ಅವತ್ತು ಅವನಿಗೆ ಹೇಳಲು ಸಾಧ್ಯವಾದದ್ದು ಒಂದೇ, "ಹೂಂ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ವಾರ ಹಲ್ಲು ಕೀಳಿಸಿದ. ಹೂಂ ಅಂದದ್ದನ್ನು ಕೀಳುವ ಡಾಕ್ಟರು ಸಿಗಲಿಲ್ಲ.

ಇದನ್ನೆಲ್ಲ ಅವನು ಹೇಗೋ ನುಂಗಿಕೊಂಡಿದ್ದ, ಭಾವಮೈದುನನ ತೋಟ ನೋಡುವವರೆಗೆ. ಹೆಂಡತಿಯ ತಮ್ಮ ಊರ ಹೊರಗೆ ಹಣ್ಣಿನ ಸಸಿಗಳ ನರ್ಸರಿ ಇಟ್ಟಿದ್ದ. ಒಂದು ರಜೆಯ ದಿನ ಗಂಡಹೆಂಡತಿ ಹೋದರು. ಅಲ್ಲಿ ಭಾವಮೈದುನ ಕಸಿ ಕಟ್ಟುತ್ತಿದ್ದ. ಒಂದು ಗಿಡದ ಎಳೆಕೊಂಬೆಯನ್ನು ಓರೆಯಾಗಿ ಕೊಯ್ದು ಇನ್ನೊಂದರ ಕಾಂಡಕ್ಕೆ ಸೇರಿಸಿ ಪಟ್ಟಿ ಸುತ್ತುವ ಕೆಲಸ. ಅವನ ಚಾಕು ಮೊಂಡು. ಕೊಯ್ದ ಜಾಗ ಹರಿದ ಬಟ್ಟೆಯ ಹಾಗೆ ಎಳೆಎಳೆಯಾಗುತ್ತಿತ್ತು, ಅರ್ಧ ಕಸಿ ಒಣಗಿ ಹೋಗುತ್ತಿತ್ತು. ಸಾಣೆಯಣ್ಣನಿಗೆ ನೋಡಿಕೊಂಡು ಕೂರಲಾಗಲಿಲ್ಲ. ಜೇಬಿನ ಚಾಕು ತೆಗೆದು, ಚಪ್ಪಡಿ ಕಲ್ಲಿಗೆ ನೀರು ಹಾಕಿ ಉಜ್ಜಿ, ಒಂದು ಕಡೆ ಮಾತ್ರ ಹರಿತ ಮಾಡಿ, ಇನ್ನೊಂದು ಕಡೆ ಚಪ್ಪಟೆ ಬಿಟ್ಟು, ಕೊಂಬೆಯನ್ನು ಒಂದೇ ಎಳೆತಕ್ಕೆ ಕೊಯ್ದ. ಕೊಯ್ದ ಮೈ ಒದ್ದೆಯಾಗಿ ಹೊಳೆಯಿತು. ಅಂದು ಸಂಜೆಯವರೆಗೆ ಅವನು ಕಸಿ ಕಟ್ಟಿದ. ಕೈ ಚಾಚಿದರೆ ಯಾವ ಗೋಡೆಯೂ ಸಿಗಲಿಲ್ಲ. ಪಕ್ಕದಲ್ಲಿ ಮೊಗ್ಗು ಚಿವುಟುತ್ತ ಕೂತಿದ್ದ ಹೆಂಡತಿ ಸಂಜೆ ಹೊರಡುವಾಗ ಹೇಳಿದಳು, ಬೆಳಗಿನಿಂದ ನಾನು ಕೆಮ್ಮಲೇ ಇಲ್ಲ ಅಂತ.

ಅವನು ಕಟ್ಟಿದ ಕಸಿಗಳೆಲ್ಲ ಚಿಗುರಿದವು. ಭಾವಮೈದುನ ಅಂಗಡಿಗೇ ಬಂದು, "ಭಾವ, ಬಂದ್ಬಿಡಿ. ಎರಡು ಕೋಣೆ ಖಾಲಿ ಇದೆ, ಕಿಟಕಿ ಇದೆ. ಮಾವನೋರನ್ನೂ ಕರ್ಕೊಂಡೇ ಬನ್ನಿ," ಅಂದ. ಮುಂದಿನ ಕಸಿಯ ಹಂಗಾಮಿಗೆ ಅವನಿಗೆ ಒಬ್ಬ ಕೈಹದ ಇರುವವನು ಬೇಕೇ ಬೇಕು. ಅಲ್ಲಿವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದೂ ಸಂಕೋಚದಿಂದಲೇ ಹೇಳಿದ. ಸಾಣೆಯಣ್ಣ ಅವತ್ತೇ ಒಂದು ಕರಿಮರದ ತುಂಡನ್ನು ತೆಗೆದಿಟ್ಟ. ಕಪ್ಪಗೆ, ಎಣ್ಣೆ ಹಚ್ಚದೆಯೂ ಮಿಂಚುವ, ನೀರಿಗೆ ಹಾಕಿದರೆ ಮುಳುಗುವಷ್ಟು ಭಾರದ ಮರ. ಅಂಥದು ಈಗ ಸಿಗುವುದಿಲ್ಲ. ತನ್ನ ಕಸಿಚಾಕುವಿಗೆ ಅದರದೇ ಹಿಡಿ ಎಂದು ಹೆಂಡತಿಗೆ ತೋರಿಸಿದ. ಅವಳು ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ, ಪುಡಿ ಕೂರದ ಹಾಗೆ ಮುಚ್ಚಳ ಒತ್ತಿ, ಮೇಲಿನ ಹಲಗೆಯ ಮೇಲಿಟ್ಟಳು.

ಆದರೆ ಅಪ್ಪನಿಗೆ ಹೇಳುವುದು ಹೇಗೆ? ಎರಡು ಸಲ ಏಣಿ ಹತ್ತಿದ. ಒಂದು ಸಲ ಅಪ್ಪ, ನೋಡೋ, ಮೀನಿನವಳ ಚಾಕು ಮೂವತ್ತು ವರ್ಷ ಆದ್ರೂ ಹೇಗಿದೆ ಅಂತ ಮಗುವಿನ ಹಾಗೆ ನಗುತ್ತಿದ್ದ. ಇನ್ನೊಂದು ಸಲ ನಿದ್ದೆಯಲ್ಲಿದ್ದ. ಎರಡು ಸಲವೂ ಸಾಣೆಯಣ್ಣ ನೀರಿನ ಲೋಟ ತುಂಬಿಸಿಟ್ಟು ಇಳಿದು ಬಂದ.

ಆಮೇಲೆ ಅವನಿಗೆ ಒಂದು ಕೆಟ್ಟ ಬುದ್ಧಿ ಬಂತು. ಕಾಗೆಕಾಲಿನ ಚಾಕು ಬರುವವರೆಗೆ ತಾನೇ ಬಾಗಿಲು ತೆರೆದಿರಬೇಕಾದ್ದು? ಬರದೇ ಹೋದರೆ? ಹೊಸ ಚಾಕುಗಳಿಗೆ ಗುರುತು ಒತ್ತುವುದನ್ನು ಮೊದಲು ನಿಲ್ಲಿಸಿದ. ಕೇಳಿದವರಿಗೆ ಅಚ್ಚು ಸವೆದಿದೆ ಅಂದ. ಹಳೆಯವು ಸಾಣೆಗೆ ಬಂದಾಗ ನೀರು ಹಾಕಿ ಮಸೆಯುವ ನೀರುಕಲ್ಲನ್ನು ಪಕ್ಕಕ್ಕಿಟ್ಟು, ಮೂಲೆಯಲ್ಲಿ ದೂಳು ಹಿಡಿದಿದ್ದ ಮೋಟರಿನ ಒಣ ಚಕ್ರಕ್ಕೆ ಕೊಡತೊಡಗಿದ. ಕಲ್ಲು ಉಕ್ಕನ್ನು ನೆಕ್ಕುತ್ತದೆ, ಚಕ್ರ ಕಚ್ಚಿ ತಿನ್ನುತ್ತದೆ. ಹತ್ತು ವರ್ಷದಲ್ಲಿ ಸವೆಯಬೇಕಾದ್ದು ಹತ್ತು ನಿಮಿಷದಲ್ಲಿ ಸವೆಯುತ್ತಿತ್ತು. ಮೊದಲ ದಿನ ಅವನಿಗೆ ಊಟ ಸೇರಲಿಲ್ಲ. ಮೂರನೇ ದಿನ ಸೇರಿತು. ಒಬ್ಬ ಕಟುಕನ ಚಾಕು ಹಲ್ಲುಕಡ್ಡಿಯ ಹಾಗಾಗಿ ನಡುವೆ ಮುರಿಯಿತು. ಅದರದು ಋಣ ತೀರಿತು ಬಿಡಿ ಅಂತ ಕಟುಕ ನಕ್ಕು ಎಸೆದುಹೋದ. ಒಂದು ಕಡಿಮೆಯಾಯಿತು ಅಂತ ಸಾಣೆಯಣ್ಣನಿಗೆ ಖುಷಿಯಾಯಿತು, ಆ ಖುಷಿಗೆ ನಾಚಿಕೆಯೂ ಆಯಿತು. ಕೊಡಲಿ ಕಾವು ಕುಲಕ್ಕೆ ಸಾವು ಅನ್ನುವುದು ಸುಮ್ಮನೆ ಅಲ್ಲ. ಚಾಕುವನ್ನು ಕೊಲ್ಲಬೇಕಾದರೆ ಚಾಕುವಿನವನೇ ಬೇಕು.

ಆದರೆ ಆತುರಗಾರನಿಗೆ ಬುದ್ಧಿ ಮಟ್ಟ. ಸ್ವಲ್ಪ ಕಾಲದಲ್ಲೇ ಅಂಗಡಿಯ ಮುಂದೆ ಜನ ಕಡಿಮೆಯಾಗುವ ಬದಲು ಹೆಚ್ಚಾದರು. ವರ್ಷಕ್ಕೊಮ್ಮೆ ಬರುತ್ತಿದ್ದ ದರ್ಜಿಯ ಹೆಂಡತಿ ತಿಂಗಳಿಗೇ ಬಂದಳು. ತಿಂಗಳಿಗೆ ಬರುತ್ತಿದ್ದ ಹೋಟೆಲಿನವನು ವಾರಕ್ಕೇ ಬಂದ. ಅಣ್ಣ, ಹರಿತ ನಿಲ್ತಾ ಇಲ್ಲ ನೋಡಿ, ಈರುಳ್ಳಿಗೇ ಮಣೀತಿದೆ ಅಂದ. ಸಾಣೆಯಣ್ಣ ಒಂದು ಅಲಗನ್ನು ಹಿಡಿದು ಉಗುರಿನಿಂದ ಮೀಟಿದ. ಸದ್ದು ಸತ್ತಿತ್ತು. ತಗಡಿನ ಚಮಚ ಕುಟ್ಟಿದ ಹಾಗೆ ಟಕ್ ಅಂದು ನಿಂತಿತು.

ಆಗ ಅವನಿಗೆ ಹೊಳೆಯಿತು. ಒಣ ಚಕ್ರಕ್ಕೆ ಒತ್ತಿದರೆ ಉಕ್ಕು ಕಾಯುತ್ತದೆ. ಪ್ರತಿ ಎಳೆತಕ್ಕೂ ನೀರಿನಲ್ಲಿ ಅದ್ದದಿದ್ದರೆ ಬಾಯಿ ನೀಲಿಗೆ ತಿರುಗುತ್ತದೆ, ಹದ ಇಳಿದುಹೋಗುತ್ತದೆ. ಹದ ಇಳಿದ ಉಕ್ಕು ಹರಿತ ಹಿಡಿಯುವುದಿಲ್ಲ. ಅಪ್ಪ ಅವನಿಗೆ ಎಳೆಯ ವಯಸ್ಸಿನಲ್ಲಿ ಕಲಿಸಿದ ಮೊದಲ ಪಾಠವೇ ಇದು. ಎಷ್ಟೋ ಸಲ ಆ ನೀಲಿಯನ್ನು ಅವನೇ ಕಂಡಿದ್ದ, ತಂದವರಿಗೆ ಕಾಣದಿರಲಿ ಅಂತ ಉಜ್ಜಿ ಬೆಳ್ಳಗೆ ಮಾಡಿ ಕೊಟ್ಟಿದ್ದ. ಬೇಗ ಸವೆಸಬೇಕು ಅನ್ನುವ ಗಡಿಬಿಡಿಯಲ್ಲಿ, ಮೆತ್ತಗಾದದ್ದು ಬೇಗ ಮೊಂಡಾಗುತ್ತದೆ, ಮೊಂಡಾದದ್ದು ಬೇಗ ಬಾಗಿಲಿಗೆ ಬರುತ್ತದೆ ಅನ್ನುವ ಲೆಕ್ಕವೇ ತಲೆಗೆ ಬಂದಿರಲಿಲ್ಲ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಅಂದರೆ ಇದೇ. ಈಗ ಬೆಳಗಿನಿಂದ ಸಂಜೆಯವರೆಗೆ ಸ್ಟೂಲಿನಿಂದ ಏಳಲು ಪುರುಸೊತ್ತಿಲ್ಲ. ಪುಡಿ ಹೆಚ್ಚಾಯಿತು, ಒಳಗೆ ಕೆಮ್ಮು ಹೆಚ್ಚಾಯಿತು. ಹಂಗಾಮು ಹತ್ತಿರ ಬಂದಿತ್ತು. ಭಾವಮೈದುನ ಫೋನು ಮಾಡಿ, ಅಕ್ಕಾ, ಈ ವಾರ ಹೇಳಿಬಿಡಿ ಅಂದಿದ್ದ.

ಆ ವಾರದ ಒಂದು ಮಧ್ಯಾಹ್ನ ಕ್ಯಾಂಟೀನ್ ಅಕ್ಕ ಬಂದಳು.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವವಳು. ಅವಳ ಚಾಕು ಅವಳ ಅಮ್ಮನದು. ಅಮ್ಮನೂ ಅದೇ ಕ್ಯಾಂಟೀನಿನಲ್ಲಿ, ಅದೇ ಮೇಜಿನ ಮುಂದೆ ನಿಂತು ಹೆಚ್ಚಿದವಳು. ಅಕ್ಕ ಬಂದಾಗಲೆಲ್ಲ ತಮಾಷೆ ಮಾಡಿ ನಗಿಸಿ ಹೋಗುತ್ತಿದ್ದಳು. ಅವತ್ತು ನಗಲಿಲ್ಲ. ಎಡಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಹರಿತವಾದ ಚಾಕು ಒತ್ತಿದ ಕಡೆ ಹೋಗುತ್ತದೆ, ಮೊಂಡು ಚಾಕು ಜಾರಿ ಬೆರಳಿಗೆ ಬರುತ್ತದೆ, ಅದು ಅವನಿಗೆ ಗೊತ್ತು. ಅವಳು ಕಾಗದದಲ್ಲಿ ಸುತ್ತಿದ್ದ ಚಾಕುವನ್ನು ಕಪಾಟಿನ ಮೇಲಿಟ್ಟು, ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿದಳು.

"ಅಣ್ಣ, ಇದನ್ನ ಕೊನೇ ಸಲ ಮಾಡ್ಕೊಡಿ. ನನ್ನ ಕೈಯೇ ಕೆಟ್ಟಿದೆ. ಎಷ್ಟು ಒತ್ತಿದ್ರೂ ಕೋಸು ಹೋಳಾಗಲ್ಲ. ಮೇಸ್ತ್ರಿ ಬೇರೆಯವಳನ್ನ ನೋಡ್ತಿದಾನೆ."

"ಚಾಕು ಮೊಂಡಾಗಿರುತ್ತೆ ಅಕ್ಕ," ಅಂದ ಸಾಣೆಯಣ್ಣ.

"ಹೋದ ವಾರ ತಾನೇ ಮಾಡ್ಕೊಟ್ರಿ. ದೊಡ್ಡವರ ಚಾಕು ಹಂಗೆಲ್ಲ ಕೆಡಲ್ಲ. ಅಮ್ಮನ ಕಾಲದಿಂದ ನೋಡಿದೀನಿ. ಕೆಟ್ಟಿರೋದು ನಾನೇ."

ಅವನು ಚಾಕು ಬಿಚ್ಚಿದ. ಒಂದು ಕಾಲಕ್ಕೆ ಮೂರು ಬೆರಳಗಲ ಇದ್ದ ಅಲಗು ಈಗ ಒಂದು ಬೆರಳಿನಷ್ಟು. ಕಾಗೆಕಾಲು ಮಾತ್ರ ಹಿಡಿಯ ಪಕ್ಕ ಹಾಗೇ ಕೂತಿತ್ತು. ಅದನ್ನು ನೋಡಿ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಹೆಣ್ಣುಮಗಳೊಬ್ಬಳು ಉಕ್ಕನ್ನು ನಂಬಿ ತನ್ನ ಕೈಯ ಮೇಲೇ ಸಂಶಯಪಡುತ್ತಿದ್ದಾಳೆ, ಆ ಉಕ್ಕನ್ನು ಕೊಂದವನು ಎದುರಿಗೇ ಕೂತಿದ್ದಾನೆ.

ಮೇಲಿನಿಂದ ಕೋಲು ನೆಲಕ್ಕೆ ಕುಟ್ಟಿತು. ಅಟ್ಟದ ಹಲಗೆಗಳ ಸಂದಿನಲ್ಲಿ ಕೆಳಗಿನ ಮಾತೆಲ್ಲ ಮೇಲೆ ಹೋಗುತ್ತಿತ್ತು. ಆ ಚಾಕು ತಗೊಂಡು ಬಾ ಎಂದು ಅಪ್ಪ ಕರೆದ.

ಅಪ್ಪನ ಕಣ್ಣಿಗೆ ಪೊರೆ ಬಂದು ಎಷ್ಟೋ ಕಾಲವಾಗಿತ್ತು. ಅವನು ಚಾಕುವನ್ನು ಹೆಬ್ಬೆರಳಿನಿಂದ ಹಿಡಿಯಿಂದ ಮೊನೆಯವರೆಗೆ ಸವರಿದ, ಬೆನ್ನು ಸವರಿದ, ಉಗುರಿನಿಂದ ಮೀಟಿ ಕಿವಿಗಿಟ್ಟ. ಮತ್ತೊಮ್ಮೆ ಮೀಟಿದ. ತೊಡೆಯ ಮೇಲೆ ಇಟ್ಟುಕೊಂಡ.

"ಕೆಳಗಡೆ ಚಕ್ರದ ಸದ್ದು ಕೇಳ್ತಿತ್ತು," ಅಂದ. "ನನ್ನ ಮಗ ಕಲ್ಲು ಬಿಟ್ಟು ಚಕ್ರಕ್ಕೆ ಕೊಡಲ್ಲ, ನನ್ನ ಕಿವಿಯೇ ಹೋಯ್ತು ಅಂದ್ಕೊಂಡಿದ್ದೆ."

ಸಾಣೆಯಣ್ಣ ಏಣಿಯ ಕೊನೆಯ ಮೆಟ್ಟಿಲ ಮೇಲೆಯೇ ನಿಂತಿದ್ದ. ಕಿಟಕಿಯಿಂದ ಬೆಳಕು ಅಪ್ಪನ ಬಿಳಿ ಗಡ್ಡದ ಮೇಲೆ ಬಿದ್ದಿತ್ತು. ಅಪ್ಪ ಮಗನಿಗೆ ತಾನೇ ಒಂದು ದಾರಿ ಬಿಟ್ಟುಕೊಟ್ಟ. ಆ ಹೆಣ್ಣುಮಗಳು ಒಲೆಯ ಮೇಲೆ ಬಿಟ್ಟಿರಬೇಕು, ಉರಿ ತಾಗಿ ಹದ ಹೋಗಿರಬೇಕು, ಹಾಗಾಗಿದ್ದರೆ ನಮ್ಮ ಮಾತು ಅದಕ್ಕೆ ತಾಗುವುದಿಲ್ಲ ಅಂದ. ಹೇಳುವಾಗ ಅವನ ಮುಖದಲ್ಲಿ ಆಸೆಯಿತ್ತು. ಹೌದು ಅನ್ನಲಿ ಅನ್ನುವ ಆಸೆ. ತಲೆಯಾಡಿಸಿದರೂ ಸಾಕಿತ್ತು. ಒಂದು ಚಾಕು ಕಡಿಮೆಯಾಗುತ್ತಿತ್ತು. ಉಳಿದವುಗಳಿಗೂ ಅದೇ ನೆವ ನಡೆಯುತ್ತಿತ್ತು. ವಾರ ಮುಗಿಯುವುದರೊಳಗೆ ಬಾಗಿಲು ಹಾಕಬಹುದಿತ್ತು. ಕೆಳಗೆ ಕ್ಯಾಂಟೀನ್ ಅಕ್ಕ ಸ್ಟೂಲಿನ ಮೇಲೆ ಬಟ್ಟೆ ಸುತ್ತಿದ ಬೆರಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುವುದು ಹಲಗೆಯ ಸಂದಿನಲ್ಲಿ ಕಾಣುತ್ತಿತ್ತು.

"ಅವಳಲ್ಲ ಅಪ್ಪ. ನಾನು," ಅಂದ ಸಾಣೆಯಣ್ಣ. "ಬೇಕಂತಲೇ ಮಾಡ್ದೆ."

ಯಾಕೆ ಅಂತ ಅಪ್ಪ ಕೇಳಿದ್ದರೆ ಎಲ್ಲ ಹೇಳಿಬಿಡುತ್ತಿದ್ದ, ತೋಟ, ಕಿಟಕಿ, ಕೆಮ್ಮು, ಹಲ್ಲುನೋವು, ಎಲ್ಲ. ಬೈದಿದ್ದರೂ ಹೇಳಿಬಿಡುತ್ತಿದ್ದ. ಅಪ್ಪ ಬೈಯಲಿಲ್ಲ, ಕೇಳಲೂ ಇಲ್ಲ. ಚಾಕುವನ್ನು ಹಿಡಿ ಮುಂದಾಗಿ ಮಗನತ್ತ ಚಾಚಿದ.

"ಹಂಗಾದ್ರೆ ಹೊಸದು ಕೊಡು," ಅಂದ. "ಗುರುತು ಒತ್ತಿ ಕೊಡು."

ಸಾಣೆಯಣ್ಣ ಇಳಿದು ಬಂದ. ಅಕ್ಕನಿಗೆ ನೇರವಾಗಿ ಹೇಳಿದ, ಕೈ ಕೆಟ್ಟಿಲ್ಲ, ಚಾಕುವನ್ನು ನಾನೇ ಚಕ್ರಕ್ಕೆ ಕೊಟ್ಟು ಕೆಡಿಸಿದೆ, ಬೇರೆ ಕೊಡುತ್ತೇನೆ ಅಂತ. ಅವಳು ಮೊದಲು ನಂಬಲಿಲ್ಲ. ನಂಬಿದ ಮೇಲೆ ಬೈಯುತ್ತಾಳೆ ಅಂದುಕೊಂಡು ಕಾದ. ಅವಳು ತನ್ನ ಬಲಗೈಯನ್ನು ಮುಷ್ಟಿ ಹಿಡಿದು ಬಿಚ್ಚಿ, ಹಿಡಿದು ಬಿಚ್ಚಿ ನೋಡಿಕೊಂಡಳು. ಕಳೆದುಹೋದದ್ದು ಸಿಕ್ಕಿದವಳ ಹಾಗೆ ಕಣ್ಣು ತುಂಬಿಕೊಂಡಳು. ಆಮೇಲೆ ಬೈದಳು, ಚೆನ್ನಾಗಿಯೇ ಬೈದಳು. ಅವನಿಗೆ ಅದರಿಂದ ಸ್ವಲ್ಪ ಹಗುರವಾಯಿತು.

ಇನ್ನು ಆರಿಸಬೇಕು. ಇಷ್ಟು ವರ್ಷ ಎಷ್ಟೋ ಜನರಿಗೆ ಆರಿಸಿಕೊಟ್ಟವನಿಗೆ ಇಷ್ಟು ಕಷ್ಟ ಯಾವತ್ತೂ ಆಗಿರಲಿಲ್ಲ. ಮೇಲಿನ ಡ್ರಾಯರಿನಲ್ಲಿ ಒಂದು ಸ್ಟೀಲಿನ ಚಾಕು ಇತ್ತು. ಫಳಫಳ ಹೊಳೆಯುವುದು, ಕೆಂಪು ಪ್ಲಾಸ್ಟಿಕ್ ಹಿಡಿಯದು, ನೋಡಿದರೆ ಯಾರಾದರೂ ಖುಷಿಪಡುವಂಥದ್ದು. ತೆಳು ತಗಡು. ಕ್ಯಾಂಟೀನಿನ ಕೆಲಸಕ್ಕೆ ಎರಡು ಮೂರು ವರ್ಷ ಬಂದೀತು, ಆಮೇಲೆ ಅದರ ಜೊತೆ ಕಾಗೆಕಾಲೂ ಕಸದ ಬುಟ್ಟಿಗೆ. ಅಪ್ಪ ಹೊಸದು ಕೊಡು ಅಂದಿದ್ದನೇ ಹೊರತು ಎಂಥದ್ದು ಅಂದಿರಲಿಲ್ಲ. ಮಾತೂ ಉಳಿಯುತ್ತಿತ್ತು, ದಾರಿಯೂ ಉಳಿಯುತ್ತಿತ್ತು. ಕೆಳಗಿನ ಡ್ರಾಯರಿನಲ್ಲಿ ಒಂದು ಕಾರ್ಬನ್ ಉಕ್ಕಿನ ಅಲಗಿತ್ತು. ಹಿಡಿ ಹಾಕಿರಲಿಲ್ಲ. ಅದನ್ನು ಬಡಿದ ಕಮ್ಮಾರ ಈಗ ಇಲ್ಲ. ಬೆನ್ನು ದಪ್ಪ, ಬಾಯಿಯ ಕಡೆಗೆ ಇಳಿಯುತ್ತ ಇಳಿಯುತ್ತ ಕಾಗದದಷ್ಟು ತೆಳು. ಅದು ಸಾಯುವುದಿಲ್ಲ. ಸಾಣೆಯಣ್ಣ ಸತ್ತ ಮೇಲೂ ಸಾಯುವುದಿಲ್ಲ.

ಕೆಂಪು ಹಿಡಿಯದನ್ನು ತೆಗೆದು ಅವಳ ಕೈಗಿಟ್ಟ. ಅವಳು ಹಿಡಿದಳು. ದೊಡ್ಡ ಅಂಗೈ, ಗಿಡ್ಡ ಬೆರಳು. ಅಷ್ಟು ಅಗಲದ ಕೈಯಲ್ಲಿ ಆ ಸಣ್ಣ ಹಿಡಿ ಆಟದ ಸಾಮಾನಿನ ಹಾಗಿತ್ತು. ಮಣಿಕಟ್ಟು ಓರೆಯಾಯಿತು. ದಿನವಿಡೀ ಹಾಗೆ ಹಿಡಿದರೆ ಸಂಜೆಗೆ ಭುಜ ಬೀಳುತ್ತದೆ. ಚೆನ್ನಾಗಿದೆ ಬಿಡಿ ಅಣ್ಣ, ಹೊಳೀತಿದೆ ಅಂದಳು ಅವಳು. ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ ಬಂಗಾರದ ಕತ್ತಿ ಅಂತ ಕುತ್ತಿಗೆ ಕೊಯ್ದುಕೊಳ್ಳೋಕಾಗುತ್ತಾ? ಕಣ್ಣೆದುರಿಗೇ ತಪ್ಪು ಕೈಯಲ್ಲಿ ತಪ್ಪು ಚಾಕು ನೋಡಿಕೊಂಡು ಕೂರುವುದು ಈ ಜನ್ಮದಲ್ಲಿ ಅವನಿಗೆ ಬರುವ ವಿದ್ಯೆಯಲ್ಲ. ಅವನು ತನ್ನನ್ನೇ ಶಪಿಸಿಕೊಳ್ಳುತ್ತ ಅದನ್ನು ಕಿತ್ತುಕೊಂಡು, ಕೆಳಗಿನ ಡ್ರಾಯರ್ ಎಳೆದ.

ಆ ಅಲಗಿಗೆ ಅವಳ ಕೈಯಳತೆಯ ಹಿಡಿ ಬೇಕು. ಬಿಸಿನೀರು, ಉಪ್ಪು, ಸಾಬೂನು ಎಲ್ಲ ತಡೆಯುವ ಮರ ಬೇಕು. ಅಂಗಡಿಯಲ್ಲಿ ಇದ್ದ ಮರದ ತುಂಡುಗಳನ್ನೆಲ್ಲ ಎತ್ತಿ ನೋಡಿದ. ಒಂದು ಹಗುರ, ಒಂದರಲ್ಲಿ ಗಂಟು, ಒಂದು ನೀರು ಕುಡಿಯುವ ಜಾತಿ. ಯಾವುದು ಸರಿ ಅಂತ ಮೊದಲಿನಿಂದಲೂ ಅವನಿಗೆ ಗೊತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಯಾವಾಗ ಬಂದು ನಿಂತಳೋ, ಎಷ್ಟು ಕೇಳಿಸಿಕೊಂಡಳೋ.

"ಆ ಡಬ್ಬಿ ಕೊಡ್ತೀಯಾ," ಅಂದ, ಅವಳ ಮುಖ ನೋಡದೆ.

ಅವಳು ಅಲ್ಲಾಡಲಿಲ್ಲ. ಕೆಮ್ಮು ಬಂತು, ಸೆರಗು ಬಾಯಿಗೊತ್ತಿ ಮುಗಿಸಿದಳು. ಆಮೇಲೆ ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿ ಇಳಿಸಿ, ಮುಚ್ಚಳ ಕಿತ್ತು, ಕರಿಮರದ ತುಂಡನ್ನು ತಂದು ಅವನ ಅಂಗೈಯಲ್ಲಿ ಒತ್ತಿದಳು. ಮರದ ಅಂಚು ಚುಚ್ಚುವಷ್ಟು ಜೋರಾಗಿ ಒತ್ತಿದಳು.

"ತಗೊಳ್ಳಿ," ಅಂದಳು. "ನಿಮ್ಮ ತೋಟ."

ನಮ್ಮ ತೋಟ ಅನ್ನದೆ ನಿಮ್ಮ ತೋಟ ಅಂದಳಲ್ಲ ಎಂದು ಅವನಿಗೆ ಎದೆ ಉರಿಯಿತು. ಗರಗಸ ಹಿಡಿದು ತುಂಡನ್ನು ಹಿಡಿಯ ಎರಡು ಮಗ್ಗುಲಿಗೆ ಎರಡು ಹೋಳು ಮಾಡಿದ. ಅಕ್ಕನ ಅಂಗೈಯನ್ನು ಹಲಗೆಯ ಮೇಲಿಡಿಸಿ ಅಳೆದ. ಅರ ಹಾಕಿ ಉಜ್ಜಿದ, ಹಿಡಿಸಿ ನೋಡಿದ, ಮತ್ತೆ ಉಜ್ಜಿದ. ಕಿರುಬೆರಳು ಕೂರುವಲ್ಲಿ ಸ್ವಲ್ಪ ತಗ್ಗು ಕೊಟ್ಟ. ಹಿತ್ತಾಳೆಯ ಮೂರು ಮೊಳೆ ಹೊಡೆದು ತಲೆಗಳನ್ನು ಮರದ ಮಟ್ಟಕ್ಕೆ ಸವೆಸಿದ. ಕೆಲಸ ಮಾಡುವಷ್ಟು ಹೊತ್ತು, ನಾಚಿಕೆಗೆಟ್ಟವನಿಗೆ ಸುಖವೇ ಆಗುತ್ತಿತ್ತು. ಅದು ಅವನ ಹಣೆಬರಹದ ಅತಿ ಕೆಟ್ಟ ಭಾಗ. ಬೇಲಿ ಹಾಕುವವನೂ ಅವನೇ, ಬೇಲಿ ಎಷ್ಟು ಚಂದ ಬಂತು ಅಂತ ನೋಡುವವನೂ ಅವನೇ. ಹಿಂದಿನ ಕೋಣೆಯಿಂದ ಹೆಂಡತಿ ತಮ್ಮನ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಇಲ್ಲ ಕಣೋ, ಬೇರೆಯವರನ್ನ ನೋಡ್ಕೋ. ಆಮೇಲೆ, ಹೂಂ, ಚೆನ್ನಾಗಿದೀನಿ, ಬರೀ ದೂಳು.

ನೀರುಕಲ್ಲಿನ ಮೇಲೆ ಹರಿತ ಕೊಟ್ಟ. ಬಹಳ ಕಾಲದ ಮೇಲೆ ಆ ಸಣ್ಣ ಸದ್ದು ಅಂಗಡಿಯಲ್ಲಿ ಕೇಳಿತು. ಮೇಲೆ ಮಂಚ ಕಿರುಗುಟ್ಟಿತು, ಯಾರೋ ಕಿವಿಯಿಡಲು ಮಗ್ಗುಲು ಬದಲಿಸಿದ ಹಾಗೆ. ಕೊನೆಗೆ ಅಚ್ಚುಮೊಳೆ ಹುಡುಕಿ ತೆಗೆದ. ಸವೆದಿದೆ ಅಂತ ಎಲ್ಲರಿಗೂ ಹೇಳಿದ್ದನಲ್ಲ, ಅದರ ಮೂರು ಗೀರು ಹೊಸದರಂತೆ ಚೂಪಾಗಿದ್ದವು. ಹಿಡಿಯ ಪಕ್ಕದ ಮೆತ್ತನೆಯ ಉಕ್ಕಿನ ಮೇಲೆ ಇಟ್ಟು ಸುತ್ತಿಗೆ ಎತ್ತಿದ. ಒಂದೇ ಏಟು.

ಕ್ಯಾಂಟೀನ್ ಅಕ್ಕ ಚಾಕು ಹಿಡಿದು ಗಾಳಿಯಲ್ಲಿ ಎರಡು ಸಲ ಹೆಚ್ಚಿದಳು. ಅವಳ ಮುಖ ಅರಳಿತು. ಕೈಯಲ್ಲಿ ಏನೂ ಇಲ್ಲ ಅನ್ನೋ ಹಂಗಿದೆ ಅಂದಳು. ಕರಿಮರದ ಮೇಲೆ ಹೆಬ್ಬೆರಳಾಡಿಸಿ, ಕಾಗೆಕಾಲಿನ ಮೇಲೆ ಆಡಿಸಿ, ತನ್ನ ಮಗಳು ಈಗ ತಾನೇ ಅಡುಗೆ ಕಲಿಯುತ್ತಿದ್ದಾಳೆ ಎಂದಳು.

"ಅವಳ ಕಾಲಕ್ಕೂ ಬರುತ್ತಾ ಅಣ್ಣ ಇದು?"

"ಬರುತ್ತೆ. ಅವಳ ಮಗಳ ಕಾಲಕ್ಕೂ ಬರುತ್ತೆ. ಒರೆಸಿ ಇಡಬೇಕು ಅಷ್ಟೆ."

"ಸಾಣೆಗೆ ನೀವು ಇರ್ತೀರಲ್ಲ?"

ಅವನು ಎರಡೂ ಕೈ ಚಾಚಿ ಮೈ ಮುರಿದ. ಎರಡೂ ಗೋಡೆ ಬೆರಳಿಗೆ ತಗುಲಿದವು. ಒಳಗೆ ಹೆಂಡತಿ ಡಬ್ಬಿಗಳ ಮುಚ್ಚಳ ಒರೆಸುತ್ತಿದ್ದಳು. ಮೇಲೆ ಮುದುಕ ಉಸಿರು ಬಿಗಿಹಿಡಿದು ಕೇಳುತ್ತಿದ್ದ.

"ಹೂಂ," ಅಂದ ಸಾಣೆಯಣ್ಣ. ಈ ಸಲ ಅವನಿಗೆ ಹಲ್ಲುನೋವೂ ಇರಲಿಲ್ಲ.